ಎರೆಹೊಲದ ಪಾಲು: ನರಗುಂದದ ಎರಡು ಶತಮಾನ

ಮಲಪ್ರಭೆಯ ಬಯಲಿನಲ್ಲಿ ಒಂಟಿಯಾಗಿ ಎದ್ದ ಗುಡ್ಡದ ಬುಡಕ್ಕೆ ಬೆಳೆದ ನರಗುಂದಕ್ಕೆ ಹತ್ತಿ, ಬಿಳಿಜೋಳ, ಕಡಲೆ ಬೆಳೆಯುವ ಎರೆಹೊಲವೇ ಬಂಡವಾಳವಾಗಿರುವುದರಿಂದ, ಆ ಫಸಲಿನಲ್ಲಿ ಯಾರ ಪಾಲು ಎಷ್ಟು ಎಂಬ ಜಗಳವೇ ಊರಿನ ಚರಿತ್ರೆಗೆ ಮತ್ತೆ ಮತ್ತೆ ತಿರುವು ಕೊಟ್ಟಿದೆ.

ಭಾವೆ ಮನೆತನದ ಈ ಸಂಸ್ಥಾನ ಹೈದರಾಲಿಗೆ ಪೊಗದಿ, ಅಂದರೆ ಅಧೀನ ಅರಸರು ವರ್ಷವರ್ಷ ಒಪ್ಪಿಸಬೇಕಾದ ಕಪ್ಪ, ಕೊಟ್ಟು ಉಳಿದುಕೊಂಡಿತ್ತು. ಟಿಪ್ಪು ಅದನ್ನು ಹೆಚ್ಚಿಸಿದಾಗ ವೆಂಕಟರಾವ್ ಭಾವೆ ಪುಣೆಯ ಪೇಶ್ವೆಗಳ ಮೊರೆಹೊಕ್ಕನಾದರೂ 1785ರಲ್ಲಿ ಕೋಟೆ ಮೈಸೂರಿನ ವಶವಾಯಿತು. ಅಲ್ಲಿಂದ ಹೊತ್ತಿಕೊಂಡ ಮರಾಠಾ–ಮೈಸೂರು ಯುದ್ಧ 1787ರ ಗಜೇಂದ್ರಗಡ ಒಪ್ಪಂದದಲ್ಲಿ ಮುಗಿದು, ನರಗುಂದ, ಕಿತ್ತೂರು, ಬಾದಾಮಿಗಳು ಮರಾಠರ ಕಡೆಗೆ ಹೋದವು. ಒಪ್ಪಂದಕ್ಕೆ ಹೆಸರು ಕೊಟ್ಟ ಗಜೇಂದ್ರಗಡ ಮುಂದೆ ಕೈಮಗ್ಗದ ಸೀರೆಗಳಿಗೆ ಹೆಸರಾಗಿ ಹೊಲದ ಜೊತೆಗೆ ಮಗ್ಗವನ್ನೂ ನೆಚ್ಚಿಕೊಂಡಿತು; ರೋಣ, ನರಗುಂದಗಳ ಬದುಕು ಮಾತ್ರ ಬಹುಮಟ್ಟಿಗೆ ಮಳೆಯ ಕೈಯಲ್ಲೇ ಉಳಿಯಿತು.

ಬ್ರಿಟಿಷರ ಕಾಲದಲ್ಲಿ ಜಗಳ ವಾರಸುದಾರಿಕೆಯ ರೂಪ ತಳೆಯಿತು. ದತ್ತು ತೆಗೆದುಕೊಳ್ಳಲು ಅನುಮತಿ ಸಿಗದ ನರಗುಂದದ ಅರಸ ಬಾಬಾಸಾಹೇಬ ಭಾಸ್ಕರರಾವ್ 1858ರ ಮೇ ತಿಂಗಳಲ್ಲಿ ಬಂಡೆದ್ದು, ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಸುರೇಬಾನದಲ್ಲಿ ಕೊಲ್ಲಿಸಿ, ಜೂನ್‌ನಲ್ಲಿ ಬೆಳಗಾವಿಯಲ್ಲಿ ಗಲ್ಲಿಗೇರಿದ. ಸಂಸ್ಥಾನ ಕಂಪನಿ ಸರ್ಕಾರದ ಪಾಲಾಯಿತು.

ಸ್ವಾತಂತ್ರ್ಯದ ನಂತರ ಮಲಪ್ರಭೆಗೆ ಕಟ್ಟಿದ ನವಿಲುತೀರ್ಥದ ಅಣೆಕಟ್ಟಿನಿಂದ ಕಾಲುವೆ ಬಂದಾಗ ಬದುಕು ಬದಲಾಗಬೇಕಿತ್ತು, ಸ್ವಲ್ಪಮಟ್ಟಿಗೆ ಬದಲಾಯಿತು ಕೂಡ. ಧಾರವಾಡದಲ್ಲಿ ರೂಪುಗೊಂಡ ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿಯನ್ನು ನಂಬಿ ರೈತರು ಗೊಬ್ಬರ, ಔಷಧಿಗಳಿಗೆ ಸಾಲ ಮಾಡಿದರು. ಹತ್ತಿಯ ಧಾರಣೆ ಕುಸಿದ ಹೊತ್ತಿಗೇ ಸರ್ಕಾರ ಬೆಟರ್‌ಮೆಂಟ್ ಲೆವಿಯನ್ನು, ಎಂದರೆ ನೀರಾವರಿಯಿಂದ ಜಮೀನಿನ ಬೆಲೆ ಏರಿತೆಂದು ಹಾಕುವ ಅಭಿವೃದ್ಧಿ ಕರವನ್ನು, ವಸೂಲಿ ಮಾಡಲು ಹೊರಟಿತು. ನೀರು ಸರಿಯಾಗಿ ತಲುಪದ ಹೊಲಕ್ಕೂ ಬೆಲೆ ಏರಿತೆಂದು ಲೆಕ್ಕ ಹಾಕಿದ್ದು ಕುರುಡು ಆಡಳಿತವೆಂದೇ ಹೇಳಬೇಕು. 1980ರ ಜುಲೈ 21ರಂದು ತಹಶೀಲ್ದಾರ್ ಕಚೇರಿಯ ಮುಂದಿನ ಪ್ರತಿಭಟನೆ ಗೋಲಿಬಾರಿನಲ್ಲಿ ಕೊನೆಗೊಂಡು ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ ಪ್ರಾಣ ಕಳೆದುಕೊಂಡರು. ಅದೇ ವರ್ಷ ರಾಜ್ಯ ರೈತ ಸಂಘ ಹುಟ್ಟಿತು. ಗುಂಡೂರಾವ್ ಸರ್ಕಾರ 1983ರಲ್ಲಿ ಸೋಲುವುದಕ್ಕೆ ಈ ಬಂಡಾಯವೂ ಒಂದು ಕಾರಣವಾಯಿತು.

ಅಣೆಕಟ್ಟು ತುಂಬುವುದೇ ಅಪರೂಪವಾಗತೊಡಗಿದ ಮೇಲೆ ಕರದ ಜಗಳ ನೀರಿನ ಜಗಳವಾಗಿ, ಮಹದಾಯಿ ನದಿಗೆ ಸೇರುವ ಕಳಸಾ–ಬಂಡೂರಿ ಹಳ್ಳಗಳನ್ನು ಮಲಪ್ರಭೆಗೆ ತಿರುಗಿಸಬೇಕೆಂದು 2015ರ ಜುಲೈನಲ್ಲಿ ನರಗುಂದದಲ್ಲೇ ಧರಣಿ ಆರಂಭವಾಯಿತು. ಆ ಯೋಜನೆಗೆ ಕರ್ನಾಟಕ ಕೇಳಿದ್ದು 7.56 ಟಿಎಂಸಿ ಅಡಿ ನೀರು. 2018ರ ಆಗಸ್ಟ್‌ನಲ್ಲಿ ಮಹದಾಯಿ ನ್ಯಾಯಮಂಡಳಿ ಕೊಟ್ಟದ್ದು 3.9.