ಬೋಲ್ಟಿಗೊಂದು ತಂತಿಯ ಕಾವಲು

ವಿಂಟೇಜ್ ಕಾರುಗಳ ಮೆರವಣಿಗೆ ಹೊರಟಿತೆಂದರೆ ಜನರ ಕಣ್ಣು ಹೋಗುವುದು ಬಣ್ಣದ ಮೇಲೆ, ಹಿತ್ತಾಳೆಯ ಹಾರನ್ನಿನ ಮೇಲೆ, ಕಡ್ಡಿಗಳ ಚಕ್ರದ ಮೇಲೆ. ಬಾನೆಟ್ ಎತ್ತಿದರೆ ಎಂಜಿನ್ನಿನ ಹೊಳಪನ್ನೂ ನೋಡಿ ತಲೆದೂಗುತ್ತಾರೆ. ಆದರೆ ಆ ಕಾರು ಊರು ಸುತ್ತಿ ಕ್ಷೇಮವಾಗಿ ಮನೆ ಸೇರಲು ನೆರವಾದ ಒಂದು ವಸ್ತು ಮಾತ್ರ ಯಾರಿಗೂ ಕಾಣಿಸುವುದಿಲ್ಲ. ಎಂಜಿನ್ನಿನ ಹಿಂಬದಿಯ ಕತ್ತಲಲ್ಲಿ, ಬೋಲ್ಟುಗಳ ತಲೆಯೊಳಗೆ ತೂರಿ ಬಿಗಿದು ಕುಳಿತ ತುಂಡು ತಂತಿ ಅದು. ಹೆಸರು ಸೇಫ್ಟಿ ವೈರ್. ಲಾಕ್ ವೈರ್ ಎಂದೂ ಕರೆಯುವುದುಂಟು.

ಅಮೆರಿಕದ ಫೋರ್ಡ್ ಕಂಪನಿ 1927ರ ಕೊನೆಯಲ್ಲಿ ಬಿಡುಗಡೆ ಮಾಡಿದ 'ಮಾಡೆಲ್ ಎ' ಕಾರನ್ನೇ ತೆಗೆದುಕೊಳ್ಳಿ. ನಾಲ್ಕೈದು ವರ್ಷಗಳಲ್ಲಿ ಸುಮಾರು 48 ಲಕ್ಷ ಕಾರುಗಳು ತಯಾರಾದವು. ಕೆನಡಾದ ಫೋರ್ಡ್ ಕಂಪನಿಯ ಮೂಲಕ ಭಾರತಕ್ಕೂ ಬಂದವು. 3.3 ಲೀಟರಿನ, ನಾಲ್ಕು ಸಿಲಿಂಡರಿನ ಈ ಎಂಜಿನ್ ನಿಮಿಷಕ್ಕೆ 2,200 ಸುತ್ತು ತಿರುಗುವಾಗ 40 ಅಶ್ವಶಕ್ತಿ ಕೊಡುತ್ತದೆ. ಕ್ರ್ಯಾಂಕ್ ಶಾಫ್ಟಿನ ತುದಿಗೆ ಇಪ್ಪತ್ತೈದು ಕಿಲೋಗೂ ಮಿಕ್ಕಿದ ಫ್ಲೈವೀಲ್. ಅದನ್ನು ಹಿಡಿದಿರುವುದು ನಾಲ್ಕೇ ಬೋಲ್ಟುಗಳು. ನಾಲ್ಕರ ತಲೆಗೂ ಕಾರ್ಖಾನೆಯಲ್ಲೇ ತೂತು ಕೊರೆದು ತಂತಿ ಕಟ್ಟಿ ಕಳಿಸುತ್ತಿದ್ದರು.

ಸಡಿಲವಾಗುವುದೇಕೆ?

ಬೋಲ್ಟನ್ನು ಬಿಗಿದಾಗ ಅದು ಕೂದಲೆಳೆಯಷ್ಟು ಹಿಗ್ಗುತ್ತದೆ. ಹಿಗ್ಗಿದ ಉಕ್ಕು ಸ್ಪ್ರಿಂಗಿನಂತೆ ಎಳೆದು ಎರಡು ಭಾಗಗಳನ್ನು ಒತ್ತಿ ಹಿಡಿಯುತ್ತದೆ. ಮರೆಯ ತಿರುಪು ಹಿಂದಕ್ಕೆ ತಿರುಗದಂತೆ ತಡೆಯುವುದು ಘರ್ಷಣೆ. ಆದರೆ ಎಂಜಿನ್ನಿಗೆ ನೆಮ್ಮದಿ ಎಲ್ಲಿದೆ? 2,200 ಸುತ್ತಿನ ವೇಗದಲ್ಲಿ ಸೆಕೆಂಡಿಗೆ ಎಪ್ಪತ್ತಕ್ಕೂ ಹೆಚ್ಚು ಬಾರಿ ಪೆಟ್ರೋಲು ಉರಿದು ಕ್ರ್ಯಾಂಕನ್ನು ತಳ್ಳುತ್ತದೆ. ಪ್ರತಿ ತಳ್ಳಿಗೂ ಭಾರದ ಫ್ಲೈವೀಲ್ 'ಒಲ್ಲೆ' ಎನ್ನುತ್ತದೆ. ಈ ಜಗ್ಗಾಟದಲ್ಲಿ ಕೂಡುವ ಜಾಗ ಅಡ್ಡಡ್ಡಲಾಗಿ ಚೂರು ಜಾರಿದರೂ ಸಾಕು, ಬೋಲ್ಟು ತಾನೇ ತಿರುಗಿ ಸಡಿಲವಾಗತೊಡಗುತ್ತದೆ. ಗೆರ್ಹಾರ್ಡ್ ಯುಂಕರ್ ಎಂಬ ಎಂಜಿನಿಯರ್ 1969ರಲ್ಲಿ ಇದನ್ನು ಪ್ರಯೋಗ ಮಾಡಿ ತೋರಿಸಿದ. ಇಂಥ ಪರೀಕ್ಷೆಗಳಲ್ಲಿ, ನಾವೆಲ್ಲ ನಂಬಿಕೊಂಡಿರುವ ಸ್ಪ್ರಿಂಗ್ ವಾಷರ್ ಕೂಡ ಹೆಚ್ಚು ಹೊತ್ತು ತಡೆಯಲಿಲ್ಲ.

ಫ್ಲೈವೀಲ್ ಬೋಲ್ಟು ಸಡಿಲವಾದರೆ ಮೊದಲು ಕೇಳುವುದು 'ಟಕ್ ಟಕ್' ಸದ್ದು. ಬೇರಿಂಗ್ ಹೋದಾಗಲೂ ಇಂಥದೇ ಸದ್ದು. ಹಾಗಾಗಿ ಬೇರಿಂಗಿಗೆಂದು ಎಂಜಿನ್ ಬಿಚ್ಚಿ ದುಡ್ಡು ಸುರಿದವರಿದ್ದಾರೆ. ಅಷ್ಟರಲ್ಲಿ ಪಿನ್ನುಗಳ ತೂತು ಮೊಟ್ಟೆಯಾಕಾರಕ್ಕೆ ತಿರುಗಿ, ತೊಂಬತ್ತು ವರ್ಷ ಬಾಳಿದ ಕ್ರ್ಯಾಂಕ್ ಶಾಫ್ಟಿನ ಅಂಚು ಕೆಟ್ಟಿರುತ್ತದೆ. ಅಂಗಡಿಗೆ ಹೋಗಿ 'ಇನ್ನೊಂದು ಕೊಡಿ' ಎನ್ನಲು ಅದೇನು ಬಲ್ಬು ಅಲ್ಲವಲ್ಲ!

ಕಟ್ಟುವ ಕ್ರಮ

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ತಂತಿ ಬೋಲ್ಟನ್ನು ಬಿಗಿಯುವುದಿಲ್ಲ. ಬಿಗಿಯುವ ಕೆಲಸ ಟಾರ್ಕ್ ರೆಂಚಿನದು. ತಂತಿ ಬರೀ ಕಾವಲುಗಾರ: ತಲೆ ತಿರುಗದಂತೆ, ಬೋಲ್ಟು ಕಳಚಿ ಬೀಳದಂತೆ ತಡೆಯುತ್ತದೆ. ಅರೆಬರೆ ಬಿಗಿದ ಬೋಲ್ಟಿಗೆ ಎಷ್ಟು ಅಂದವಾಗಿ ತಂತಿ ಕಟ್ಟಿದರೂ ವ್ಯರ್ಥ.

ಇಂದು ಬಳಸುವುದು ಮೆದುಗೊಳಿಸಿದ ಸ್ಟೇನ್‌ಲೆಸ್ ಸ್ಟೀಲ್ ತಂತಿ, ಸಾಮಾನ್ಯವಾಗಿ 0.8 ಮಿ.ಮೀ. ದಪ್ಪದ್ದು. ಅದನ್ನು ಮೊದಲ ಬೋಲ್ಟಿನ ತೂತಿನಲ್ಲಿ ತೂರಿಸಿ, ಎರಡೂ ಎಳೆ ಸೇರಿಸಿ ಅಂಗುಲಕ್ಕೆ ಆರರಿಂದ ಎಂಟು ಹುರಿ ಬರುವಂತೆ ಹೊಸೆಯಬೇಕು. ಹುರಿ ಕಡಿಮೆಯಾದರೆ ತಂತಿ ಜೋಲುತ್ತದೆ. ಅತಿಯಾದರೆ ಗಡುಸಾಗಿ ಮುರಿಯುತ್ತದೆ. ಪಕ್ಕದ ಬೋಲ್ಟಿಗೆ ಒಯ್ಯುವಾಗ ದಿಕ್ಕೇ ಮುಖ್ಯ. ಒಂದು ಬೋಲ್ಟು ಸಡಿಲವಾಗಲು ಹೊರಟರೆ ತಂತಿ ಇನ್ನೊಂದನ್ನು ಬಿಗಿಯುವ ಕಡೆಗೇ ಎಳೆಯಬೇಕು. ಸರಿಯಾಗಿ ಕಟ್ಟಿದ ತಂತಿ ಎರಡು ತಲೆಗಳ ನಡುವೆ ಅಡ್ಡ ಮಲಗಿದ 'ಎಸ್' ಅಕ್ಷರದಂತೆ ಕಾಣುತ್ತದೆ. ದಿಕ್ಕು ತಪ್ಪಿದರೆ ಕಾವಲುಗಾರನೇ ಕಳ್ಳನಿಗೆ ಬಾಗಿಲು ತೆಗೆದಂತೆ.

ತೂತು ಸರಿಯಾದ ಕಡೆಗೆ ಬರದಿದ್ದರೆ? ಬೋಲ್ಟನ್ನು ಹಿಂದಕ್ಕೆ ತಿರುಗಿಸಿ ಸರಿಪಡಿಸುವಂತಿಲ್ಲ. ಬಿಗಿತದ ಮಿತಿಯೊಳಗೆ ಮುಂದಕ್ಕೆ ತಿರುಗಿಸಬಹುದು, ಇಲ್ಲವೇ ಬೇರೆ ಬೋಲ್ಟು ಹಾಕಿ ನೋಡಬೇಕು. ಕೊನೆಗೆ ತುದಿಯನ್ನು ಒಳಕ್ಕೆ ಮಡಚಬೇಕು. ಇಲ್ಲದಿದ್ದರೆ ಮುಂದೆ ಕೈ ಹಾಕಿದವನ ಬೆರಳು ಸೀಳುವುದು ಖಚಿತ. ಕತ್ತರಿಸಿದ ಚೂರುಗಳನ್ನು ಎಣಿಸಿ ಹೊರತೆಗೆಯಬೇಕು. ಒಮ್ಮೆ ಬಿಚ್ಚಿದ ತಂತಿಯನ್ನು ಮತ್ತೆ ಬಳಸಲೇಬಾರದು. ನಾಲ್ಕು ಕಾಸಿನ ತಂತಿ ಉಳಿಸಲು ಹೋಗಿ ಎಂಜಿನ್ ಕಳೆದುಕೊಂಡರೆ ಹೇಗೆ?

ಹಾಗೆಂದು ಎಲ್ಲ ಕಡೆಗೂ ತಂತಿ ಬೇಕಿಲ್ಲ. ಇದೇ ಎಂಜಿನ್ನಿನ ಕನೆಕ್ಟಿಂಗ್ ರಾಡಿನ ನಟ್ಟುಗಳಿಗೆ ಇರುವುದು ಸ್ಪ್ಲಿಟ್ ಪಿನ್. ಇಂದಿನ ಕಾರುಗಳಲ್ಲಿ ಲೆಕ್ಕ ಹಾಕಿ ಹಿಗ್ಗಿಸುವ ಬೋಲ್ಟು, ಮರೆಗೆ ಹಚ್ಚುವ ಅಂಟು ಬಂದಿವೆ. ವಿಮಾನಗಳಲ್ಲಿ ಮಾತ್ರ ತಂತಿಯ ಕಾರುಬಾರು ಇಂದಿಗೂ ಮುಗಿದಿಲ್ಲ. 1940ರಲ್ಲಿ ವಿಮಾನ ಕಾರ್ಖಾನೆ ಆರಂಭವಾದ ಬೆಂಗಳೂರಿಗೆ ಇದು ಹೊಸ ವಿದ್ಯೆಯೇನಲ್ಲ.

ಅಂದಹಾಗೆ, ಈ ತಂತಿಗೆ ಇನ್ನೊಂದು ಉಪಯೋಗವಿದೆ. ಬೋಲ್ಟನ್ನು ಪೂರ್ತಿ ಬಿಗಿದ ಮೇಲಷ್ಟೇ ತಂತಿ ಕಟ್ಟುವುದು ನಿಯಮ. ಹಾಗಾಗಿ ಮುಂದೊಂದು ದಿನ ಎಂಜಿನ್ ಬಿಚ್ಚುವ ಮೆಕ್ಯಾನಿಕ್‌ಗೆ, ಸರಿಯಾದ ದಿಕ್ಕಿನಲ್ಲಿ ಹೊಸೆದ ತಂತಿ ಕಂಡರೆ ಹಿಂದಿನವನು ಅವಸರ ಮಾಡಿಲ್ಲ ಎಂದು ತಿಳಿಯುತ್ತದೆ. ಹೆಸರು ಬರೆಯದೆ ಹಾಕಿದ ರುಜು ಅದು.