ಕಾದು ನೋಡುವ ಬದಲು ತೋರಿಸಿ ನೋಡಿ

ಎರಡು ವರ್ಷ ತುಂಬಿದರೂ ಮಗು ಎರಡು ಪದ ಜೋಡಿಸುತ್ತಿಲ್ಲ, ಹೆಸರು ಹಿಡಿದು ಕರೆದರೆ ತಿರುಗುತ್ತಿಲ್ಲ ಎಂದರೆ ಹಿರಿಯರ ಸಮಾಧಾನ ಸಿದ್ಧವಾಗಿರುತ್ತದೆ: ‘ಇವರಪ್ಪನೂ ಮಾತಾಡಿದ್ದು ಮೂರು ವರ್ಷಕ್ಕೇ, ಬಿಡಮ್ಮ.’ ಈ ಮಾತಿನಲ್ಲಿ ಅರ್ಧ ಸತ್ಯವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಂತೆ ಆರೋಗ್ಯವಂತ ಮಕ್ಕಳು ಆಸರೆಯಿಲ್ಲದೆ ನಡೆಯತೊಡಗುವುದು 8 ತಿಂಗಳಿಂದ ಹಿಡಿದು ಹೆಚ್ಚುಕಡಿಮೆ 18 ತಿಂಗಳೊಳಗೆ ಯಾವಾಗಲಾದರೂ ಆಗಬಹುದು. ಪಕ್ಕದ ಮನೆಯ ಮಗುವಿಗಿಂತ ನಿಧಾನ ಎಂಬುದೇ ತೊಂದರೆಯಲ್ಲ. ಆದರೆ ಆ ನಿಧಾನಕ್ಕೂ ಒಂದು ಗಡುವಿದೆ. ಅದು ದಾಟಿದ ಮೇಲೆ ಕಾಯುವುದರಿಂದ ಮಗುವಿಗೆ ಸಿಗುವುದೇನೂ ಇಲ್ಲ. ತೋರಿಸಿದರೆ ಕಳೆದುಕೊಳ್ಳುವುದೂ ಏನಿಲ್ಲ.

ಕಾಯಬಾರದೆನ್ನಲು ಬಲವಾದ ಪುರಾವೆ ಕಿವಿಯದು. ಅಮೆರಿಕದ ಕೊಲರಾಡೊದಲ್ಲಿ ಕ್ರಿಸ್ಟೀನ್ ಯೋಶಿನಾಗಾ-ಇಟಾನೊ ತಂಡ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶ್ರವಣದೋಷ 6 ತಿಂಗಳೊಳಗೆ ಪತ್ತೆಯಾದ ಮಕ್ಕಳ ಭಾಷೆ ತಡವಾಗಿ ಪತ್ತೆಯಾದವರಿಗಿಂತ ಸ್ಪಷ್ಟವಾಗಿ ಮುಂದಿತ್ತು. ಹಾಗಾಗಿ ಮಾತು ತಡವಾದ ಮಗುವಿಗೆ ಮೊದಲು ಆಗಬೇಕಾದ್ದು ಕಿವಿ ಪರೀಕ್ಷೆ. ಮೊಬೈಲ್ ರಿಂಗಾದರೆ ತಿರುಗುತ್ತದಲ್ಲ ಎಂದರೆ ಸಾಲದು. ಕೆಲವು ಸ್ವರಗಳಷ್ಟೇ ಕೇಳಿಸುವ ಕಿವಿಗಳೂ ಇರುತ್ತವೆ. ‘ಒಮ್ಮೆ ಹಣೆಪಟ್ಟಿ ಅಂಟಿದರೆ ಹೋಗುವುದಿಲ್ಲ’ ಎಂಬ ಅಂಜಿಕೆ ಸಹಜವೇ. ಆದರೆ ನೆರವಿಗೆ ಹಣೆಪಟ್ಟಿಯೇ ಬೇಕಿಲ್ಲ. ಆಟಿಸಂ ಎಂದೋ ಸೆರೆಬ್ರಲ್ ಪಾಲ್ಸಿ ಎಂದೋ ಖಚಿತವಾಗಲು ತಿಂಗಳುಗಟ್ಟಲೆ ಹಿಡಿಯಬಹುದು. ಕುತ್ತಿಗೆ ನಿಲ್ಲದ ಮಗುವಿಗೆ ಫಿಸಿಯೋಥೆರಪಿ, ಮಾತು ಬಾರದ ಮಗುವಿಗೆ ಸ್ಪೀಚ್ ಥೆರಪಿ ಅಷ್ಟರಲ್ಲೇ ಶುರುವಾಗಬಹುದು.

ಖರ್ಚಿನ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಬೆಂಗಳೂರಿನ ಜೆ.ಪಿ. ನಗರ, ಬನಶಂಕರಿಯ ಥೆರಪಿ ಸೆಂಟರುಗಳಲ್ಲಿ ವಾರವಾರ ಫೀಸು ಕಟ್ಟುವುದು ಎಲ್ಲರಿಗೂ ಸಾಧ್ಯವಿಲ್ಲ. ಆದರೆ ಜಯನಗರದ ಪಕ್ಕದಲ್ಲೇ ಸರ್ಕಾರಿ ಸಂಸ್ಥೆಯಾದ ನಿಮ್ಹಾನ್ಸ್ ಇದೆ, ಅದರ ನೆರೆಯಲ್ಲೇ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಸರ್ಕಾರಿ ಶಾಲೆಗಳಲ್ಲಿ ಮಕ್ಕಳನ್ನು ತಪಾಸಣೆ ಮಾಡುವಾಗ ಬೆಳವಣಿಗೆಯ ಹಿನ್ನಡೆಯನ್ನೂ ನೋಡಬೇಕು. ಮೇಲಾಗಿ, ನೆರವೆಲ್ಲ ತಜ್ಞರ ಕೋಣೆಯಲ್ಲೇ ನಡೆಯಬೇಕಿಲ್ಲ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತಜ್ಞರಲ್ಲದ ಕಾರ್ಯಕರ್ತರು ತರಬೇತಿ ಪಡೆದು ಆಟಿಸಂ ಇರುವ ಮಕ್ಕಳ ತಂದೆತಾಯಿಗೆ ಕಲಿಸಿಕೊಟ್ಟಾಗ, ಮಕ್ಕಳು ತಾವಾಗಿ ತಂದೆತಾಯಿಯತ್ತ ಮುಖಮಾಡಿ ಸಂವಹಿಸುವುದು ಹೆಚ್ಚಾಯಿತು. ಇಂಥ ಕೆಲಸ ನೋಡಲು ಸರಳ: ಬಾಳೆಹಣ್ಣು ಸುಲಿದು ಕೂಡಲೇ ಕೈಗಿಡದೆ, ಮಗು ನೋಡುವಂತೆ ಹಿಡಿದು ‘ಹಣ್ಣು ಬೇಕಾ?’ ಎಂದು ಕೇಳಿ ಸ್ವಲ್ಪ ತಡೆಯುವುದು. ಅದು ನೋಡಿದರೂ, ಕೈಚಾಚಿದರೂ, ‘ಹ’ ಎಂದರೂ ಉತ್ತರವೆಂದೇ ತಿಳಿದು ಕೊಡುವುದು. ದಿನವಿಡೀ ಇದನ್ನು ಮಾಡಬಲ್ಲವರು ಮನೆಯವರೇ. ಆದರೆ ಅವರಿಗೆ ಹೇಳಿಕೊಡುವವರು ಬೇಕು, ಹೊರೆಯನ್ನೆಲ್ಲ ತಾಯಿಯೊಬ್ಬಳ ಮೇಲೆ ಹೇರಲೂಬಾರದು.

ಬಿ.ಟಿ.ಎಂ. ಲೇಔಟಿನಂಥ ಕಡೆ ಇನ್ನೊಂದು ವಾದ ಕೇಳಿಬರುತ್ತದೆ: ಮನೆಯಲ್ಲಿ ಕನ್ನಡ, ಪಕ್ಕದಲ್ಲಿ ಹಿಂದಿ, ಪ್ಲೇಹೋಮಿನಲ್ಲಿ ಇಂಗ್ಲಿಷ್, ಅದಕ್ಕೇ ಮಾತು ತಡ ಎಂದು. ಹಲವು ಭಾಷೆ ಕೇಳುವುದರಿಂದ ಭಾಷಾದೋಷ ಬರುವುದಿಲ್ಲ ಎಂಬುದು ಸಂಶೋಧನೆಗಳು ಮತ್ತೆಮತ್ತೆ ತೋರಿಸಿದ ಸಂಗತಿ. ಮಗುವಿಗಾಗಿ ಕನ್ನಡ ಬಿಟ್ಟು ಬಾರದ ಇಂಗ್ಲಿಷಿಗೆ ಇಳಿದರೆ ಮನೆಯ ಮಾತೇ ಬಡವಾಗುತ್ತದೆ.

ಬೇಗ ಶುರುಮಾಡಿದರೆ ಎಲ್ಲವೂ ಸರಿಹೋಗುತ್ತದೆ ಎಂದಲ್ಲ. ಗುಣಪಡಿಸುತ್ತೇವೆಂದು ಭರವಸೆ ಮಾರುವವರಿಂದ ದೂರವಿರುವುದೇ ಮೇಲು. ತಡವಾಗಿ ಬಂದವರಿಗೆ ಬಾಗಿಲು ಮುಚ್ಚಿದೆ ಎಂದೂ ಅಲ್ಲ. 9ನೇ ತಿಂಗಳ ದಡಾರ ಲಸಿಕೆಗೆ, ಮತ್ತೆ 16ನೇ ತಿಂಗಳಿನಿಂದಾಚೆಯ ಬೂಸ್ಟರಿಗೆ ಮಗುವನ್ನು ಹೇಗೂ ಕರೆದೊಯ್ಯುತ್ತೇವೆ. ತಾಯಿ ಕಾರ್ಡಿನಲ್ಲಿ ತೂಕದ ಜೊತೆ ಬೆಳವಣಿಗೆಯ ಹಂತಗಳೂ ಇವೆ. ಚುಚ್ಚುಮದ್ದು ಮುಗಿಸಿ ಹೊರಡುವ ಮುನ್ನ ಆ ಪುಟ ತೆರೆದು, ‘ಇದು ಇನ್ನೂ ಬಂದಿಲ್ಲ, ಏನು ಮಾಡೋಣ?’ ಎಂದು ಕೇಳಿ.