ಜಪಾನೀಯರ ಒಳಮಾತು

ಜಪಾನು ಎಂದೊಡನೆ ನಿಮ್ಮ ಮನಸ್ಸಿಗೆ ಬರುವುದು ಏನು? ಹೊತ್ತಿಗೆ ಸರಿಯಾಗಿ ಬರುವ ರೈಲು, ಸೊಂಟ ಬಗ್ಗಿಸಿ ಮಾಡುವ ನಮಸ್ಕಾರ, ದಣಿವರಿಯದ ದುಡಿಮೆ. ಇಷ್ಟೇ ತಾನೆ? ಮಕ್ಕಳನ್ನು ಗದರಿಸುವಾಗ ಜಪಾನಿನವರನ್ನು ನೋಡಿ ಕಲಿಯಿರೆಂದು ಹೇಳುವ ತಂದೆತಾಯಿಗಳೂ ನಮ್ಮಲ್ಲಿ ಉಂಟು. ಆದರೆ ಹಾಗೆ ದುಡಿಯುವ ಮನುಷ್ಯ ತನ್ನ ದುಡಿಮೆಯ ವಿಷಯವಾಗಿ, ತನ್ನನ್ನಾಳುವವರ ವಿಷಯವಾಗಿ, ನೆರೆಹೊರೆಯ ವಿಷಯವಾಗಿ ಏನೆಂದುಕೊಂಡಿದ್ದಾನೆ ಎಂದು ವಿಚಾರಿಸಿದವರು ವಿರಳ. ವಿಚಾರಿಸಿದರೂ ಉತ್ತರ ಸುಲಭವಾಗಿ ದೊರೆಯುವುದಿಲ್ಲ. ಏಕೆಂದರೆ ಅಲ್ಲಿ ಒಂದೇ ಪ್ರಶ್ನೆಗೆ ಎರಡು ಉತ್ತರಗಳಿರುವುದುಂಟು. ಎರಡಕ್ಕೂ ಬೇರೆ ಬೇರೆ ಹೆಸರುಗಳೇ ಇವೆ.

ಒಂದರ ಹೆಸರು 'ತತೆಮಾಯೆ', ಇನ್ನೊಂದರ ಹೆಸರು 'ಹೊನ್ನೆ'. ಕಿವಿಗೆ ಕನ್ನಡದಂತೆಯೇ ಕೇಳುವ ಈ ಮಾತುಗಳಿಗೂ ನಮ್ಮ ಮಾಯೆಗೂ ಹೊನ್ನೆಮರಕ್ಕೂ ಯಾವ ನಂಟೂ ಇಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಮನೆ ಕಟ್ಟುವಾಗ ಕಂಬ ತೊಲೆಗಳನ್ನು ನಿಲ್ಲಿಸಿ ಹಂದರ ಏರಿಸುವುದಕ್ಕೆ ಅಲ್ಲಿನ ಬಡಗಿಗಳು ತತೆಮಾಯೆ ಎನ್ನುತ್ತಾರೆ. ಅದೇ ಮಾತು ನಾಲ್ಕು ಜನರೆದುರು ಆಡಬೇಕಾದ, ಸಂಬಂಧಗಳ ಕಟ್ಟಡವನ್ನು ಬೀಳದಂತೆ ಹಿಡಿದಿರುವ ಮಾತಿಗೂ ಹೆಸರಾಗಿದೆ. ಹೊನ್ನೆ ಎಂದರೆ ಅಕ್ಷರಶಃ 'ಮೂಲದ ದನಿ'. ಮನಸ್ಸಿನಲ್ಲಿರುವ ನಿಜವಾದ ಅಭಿಪ್ರಾಯ. ಇದನ್ನು ಕಪಟವೆಂದು ತಿಳಿಯಬೇಡಿರಿ. ಬಂದ ನಂಟರಿಗೆ "ಊಟ ಮಾಡಿಕೊಂಡೇ ಹೋಗಿ" ಎಂದು ನಾವು ಹೇಳುವಾಗಲೆಲ್ಲ ಒಲೆಯ ಮೇಲೆ ಅನ್ನವಿರುತ್ತದೆಯೆ? ಆ ಮಾತಿನ ಬೆಲೆ ಹೇಳುವವರಿಗೂ ಕೇಳುವವರಿಗೂ ಗೊತ್ತು.

ಈ ಎರಡು ದನಿಗಳ ನಡುವೆ ಕಾವಲು ನಿಂತಿರುವುದು 'ಸೆಕೆನ್'. ಈ ಪದದ ಚರಿತ್ರೆ ನಮಗೆ ಸಮೀಪದ್ದು. ಬೌದ್ಧಗ್ರಂಥಗಳನ್ನು ಚೀನೀ ಭಾಷೆಗೆ ತಂದ ಪಂಡಿತರು ಸಂಸ್ಕೃತದ 'ಲೋಕ' ಶಬ್ದಕ್ಕೆ ಎರಡು ಚಿತ್ರಾಕ್ಷರಗಳ ಪದವೊಂದನ್ನು ಬಳಸಿದರು. ಅದು ಜಪಾನಿಗೆ ಹೋಗಿ ಸೆಕೆನ್ ಆಯಿತು. ಲೋಕವೆಂದರೆ ಮೂರು ಲೋಕಗಳಲ್ಲಿ ಒಂದೆಂಬ ಅರ್ಥ ಮಾಸಿ, 'ಲೋಕ ಏನೆಂದೀತು' ಎಂದು ನಾವು ಅಂಜುವಾಗ ಇರುವ ಅರ್ಥವೇ ಅಲ್ಲಿಯೂ ನಿಂತಿತು. ಸೆಕೆನ್ ಎಂದರೆ ಸರ್ಕಾರವಲ್ಲ, ಕಾನೂನಲ್ಲ. ಬೀದಿಯವರು, ಕಛೇರಿಯವರು, ಮಗಳ ಶಾಲೆಯ ಇತರ ತಾಯಂದಿರು. ಇದರ ಜೊತೆಗೆ 'ಗಾಳಿಯನ್ನು ಓದುವುದು' ಎಂಬ ನುಡಿಗಟ್ಟೂ ಉಂಟು. ಗಾಳಿಯಲ್ಲಿ ಬಂದ ಮಾತನ್ನು ನಾವು ರೇಡಿಯೋದಲ್ಲಿ ಕೇಳುತ್ತೇವೆ. ಅವರು ಸಭೆಯೊಳಗೆ ಕಾಲಿಟ್ಟೊಡನೆ ಯಾರೂ ಆಡದ ಮಾತನ್ನು ಗಾಳಿಯಲ್ಲೇ ಓದಿಕೊಳ್ಳಬೇಕು. ಓದಲು ಬಾರದವನು ದಡ್ಡನೆನಿಸುತ್ತಾನೆ.

ದುಡಿಮೆಯ ವಿಷಯಕ್ಕೆ ಬರೋಣ. ಯುದ್ಧಾನಂತರದ ದಶಕಗಳಲ್ಲಿ ಜಪಾನಿನ ದೊಡ್ಡ ಕಂಪನಿಗಳಲ್ಲಿ ಒಂದು ಏರ್ಪಾಟು ಬೇರೂರಿತು. ಓದು ಮುಗಿಸಿದ ಹುಡುಗರೆಲ್ಲ ಏಪ್ರಿಲ್ 1ರಂದು ಒಟ್ಟಿಗೆ ಸೇರುವುದು, ನಿವೃತ್ತಿಯವರೆಗೆ ಅಲ್ಲೇ ಇರುವುದು, ವಯಸ್ಸಿಗೆ ತಕ್ಕಂತೆ ಸಂಬಳ ಏರುವುದು. ಇಂಥ ಮನೆಯಲ್ಲಿ ಎದುರುಮಾತಿಗೆ ಎಡೆ ಕಡಮೆ. ಆದರೆ ಅಭಿಪ್ರಾಯಕ್ಕೆ ದಾರಿಯೇ ಇಲ್ಲವೆಂದಲ್ಲ. ದೊಡ್ಡ ಮರವನ್ನು ಒಂದೆಡೆಯಿಂದ ಕಿತ್ತು ಇನ್ನೊಂದೆಡೆ ನೆಡುವ ಮೊದಲು ತೋಟಗಾರ ಅದರ ಬೇರಿನ ಸುತ್ತ ಮೆಲ್ಲನೆ ಅಗೆದು ಹದಗೊಳಿಸುತ್ತಾನೆ. ಅದಕ್ಕೆ 'ನೆಮಾವಾಶಿ' ಎಂದು ಹೆಸರು. ಕಛೇರಿಯಲ್ಲಿಯೂ ಹಾಗೆಯೇ. ಸಭೆ ಸೇರುವ ಮೊದಲೇ ಒಬ್ಬೊಬ್ಬರ ಬಳಿಗೂ ಹೋಗಿ, ಆಕ್ಷೇಪಣೆ ಕೇಳಿ, ಸರಿಪಡಿಸಿ ಬರುತ್ತಾರೆ. ಸಭೆಯಲ್ಲಿ ಎಲ್ಲರೂ ತಲೆದೂಗುವುದನ್ನು ಕಂಡ ಪರದೇಶಿಯು ಇವರಿಗೆ ಸ್ವಂತ ಅಭಿಪ್ರಾಯವೇ ಇಲ್ಲವೆಂದುಕೊಳ್ಳುತ್ತಾನೆ; ಜಗಳವೆಲ್ಲ ಹಿಂದಿನ ವಾರವೇ ಮುಗಿದಿರುವುದು ಅವನಿಗೆ ತಿಳಿಯದು. ಇದಲ್ಲದೆ ಸಂಜೆಯ ಪಾನಗೋಷ್ಠಿಗಳುಂಟು. ಅಲ್ಲಿ ಮೇಲಧಿಕಾರಿಯು ಈ ಹೊತ್ತು ಮರ್ಯಾದೆಯ ಕಟ್ಟಿಲ್ಲವೆಂದು ಸಾರಿದರೆ ಕೈಕೆಳಗಿನವನು ಮನಸ್ಸಿನ ಮಾತನ್ನು ಆಡಬಹುದು. ಬೆಳಗಾದ ಮೇಲೆ ಇಬ್ಬರೂ ಅದನ್ನು ಮರೆತಂತಿರಬೇಕು. ಎಷ್ಟರಮಟ್ಟಿಗೆ ಆಡಬಹುದು ಎಂಬುದಕ್ಕೂ ಗಾಳಿಯನ್ನು ಓದಲೇಬೇಕೆನ್ನಿ!

ಕಾರ್ಖಾನೆಯ ಮಾತೇ ಬೇರೆ. ನಮ್ಮ ಬಿಡದಿಯಲ್ಲಿ 1999ರಿಂದ ವಾಹನಗಳನ್ನು ತಯಾರಿಸುತ್ತಿರುವ ಟೊಯೊಟಾದವರ ಹೆಸರು ನಿಮಗೆ ಗೊತ್ತಿದೆ. ಕೆಲಸಗಾರರಿಂದ ಸಲಹೆಗಳನ್ನು ಬರೆಸಿಕೊಳ್ಳುವ ಪದ್ಧತಿಯನ್ನು ಜಪಾನಿನಲ್ಲಿ ಅವರು 1951ರಲ್ಲೇ ತೊಡಗಿದರು. ದೋಷ ಕಂಡರೆ ಸಾಮಾನ್ಯ ಕೆಲಸಗಾರನೂ ಹಗ್ಗವೆಳೆದು ಸಾಲನ್ನೇ ನಿಲ್ಲಿಸಬಹುದು. ಹೀಗೆ ತಿರುಪುಮೊಳೆಯ ವಿಷಯದಲ್ಲಿ ಕೆಲಸಗಾರನ ಅಭಿಪ್ರಾಯಕ್ಕೆ ಎಲ್ಲಿಲ್ಲದ ಮನ್ನಣೆ. ಎಷ್ಟು ಗಂಟೆ ದುಡಿಯಬೇಕೆಂಬ ವಿಷಯದಲ್ಲಿ ಮಾತ್ರ ದೇಶದಲ್ಲೆಲ್ಲ ಅದೇ ಮನ್ನಣೆ ಬಹುಕಾಲ ದೊರೆಯಲಿಲ್ಲ.

ಅಲ್ಲಿನ ಸಂಖ್ಯಾಶಾಸ್ತ್ರದ ರಾಷ್ಟ್ರೀಯ ಸಂಸ್ಥೆಯೊಂದು 1953ರಿಂದ ಐದೈದು ವರ್ಷಗಳಿಗೊಮ್ಮೆ ಜನರ ಮನೋಧರ್ಮವನ್ನು ಕೇಳುತ್ತ ಬಂದಿದೆ. ಅದರಲ್ಲೊಂದು ಪ್ರಶ್ನೆ ಹೀಗೆ. ಒಬ್ಬ ಮೇಲಧಿಕಾರಿ ನಿಯಮ ಮೀರಿ ದುಡಿಸುತ್ತಾನೆ, ಆದರೆ ನಿಮ್ಮ ಮನೆಯ ಕಷ್ಟಸುಖವನ್ನೂ ನೋಡಿಕೊಳ್ಳುತ್ತಾನೆ. ಇನ್ನೊಬ್ಬ ನಿಯಮ ಮೀರುವುದಿಲ್ಲ, ಕೆಲಸದ ಹೊರಗೆ ನಿಮ್ಮ ಗೊಡವೆಗೂ ಬರುವುದಿಲ್ಲ. ಯಾರು ಬೇಕು? ದಶಕಗಳುದ್ದಕ್ಕೂ ಮುಕ್ಕಾಲುಪಾಲಿಗಿಂತ ಹೆಚ್ಚು ಜನ ಮೊದಲನೆಯವನನ್ನೇ ಆರಿಸಿದರು. ಈ ಉತ್ತರವನ್ನು ಓದಿದಾಗ ನನಗೆ ಆಶ್ಚರ್ಯಕ್ಕಿಂತ ಪರಿಚಯದ ಭಾವವೇ ಹೆಚ್ಚಾಯಿತು. ನಮ್ಮಲ್ಲಿ ಕೇಳಿದರೂ ಉತ್ತರ ಬಹಳ ಬೇರೆಯಾಗದೆಂದು ತೋರುತ್ತದೆ.

ಆದರೆ ಆ ಅಕ್ಕರೆಗೆ ತೆತ್ತ ಬೆಲೆ ಅಲ್ಪವಲ್ಲ. ದುಡಿದು ದುಡಿದು ಸಾಯುವುದಕ್ಕೆ ಜಪಾನೀ ಭಾಷೆಯಲ್ಲಿ 'ಕರೋಶಿ' ಎಂಬ ಒಂದೇ ಪದವುಂಟು. 1988ರಲ್ಲಿ ವಕೀಲರು ಇಂಥ ಸಾವುಗಳ ಬಗ್ಗೆ ವಿಚಾರಿಸಲು ದೂರವಾಣಿಯ ಏರ್ಪಾಟು ಮಾಡಿದಾಗ ಗಂಡಂದಿರನ್ನು ಕಳೆದುಕೊಂಡ ಹೆಂಗಸರ ಕರೆಗಳು ಬಂದವು. ಸತ್ತವರು ಹೇಳದೆ ಉಳಿಸಿದ್ದನ್ನು ಅವರು ಹೇಳಿದರು. ಇಂಥ ಕುಟುಂಬಗಳ ಸಂಘದ ಒತ್ತಾಯದಿಂದ 2014ರಲ್ಲಿ ಕರೋಶಿ ತಡೆಯುವ ಕಾನೂನು ಬಂದಿತು. 2018ರ ಇನ್ನೊಂದು ಕಾನೂನು ಹೆಚ್ಚುವರಿ ದುಡಿಮೆಗೆ ತಿಂಗಳಿಗೆ 45 ಗಂಟೆ, ವರ್ಷಕ್ಕೆ 360 ಗಂಟೆಯ ಮಿತಿಯಿಟ್ಟಿತು. ಕೆಲಸದ ಒತ್ತಡವಿದ್ದ ತಿಂಗಳಲ್ಲಿ 100 ಗಂಟೆಯೊಳಗೆ ಇರಬಹುದೆಂದೂ ಹೇಳಿತು. ಈ ನೂರು ಎಂಬ ಅಂಕಿಯನ್ನು ಗಮನಿಸಿರಿ. ಒಂದು ಸಾವು ಕರೋಶಿಯೋ ಅಲ್ಲವೋ ಎಂದು ತೀರ್ಮಾನಿಸಲು ಸರ್ಕಾರವು 2001ರಿಂದ ಬಳಸುತ್ತಿದ್ದ ಗೆರೆಯೂ ತಿಂಗಳಿಗೆ ಸುಮಾರು 100 ಗಂಟೆಯೇ. ಸಾವಿನ ಗೆರೆಗೂ ಕಾನೂನಿನ ಬೇಲಿಗೂ ಅಂತರವೇ ಇಲ್ಲವೆಂದು ಆ ಕುಟುಂಬಗಳವರು ಆಕ್ಷೇಪಿಸಿದ್ದರಲ್ಲಿ ಅನ್ಯಾಯವೇನೂ ಇಲ್ಲ.

2025ರ ಅಕ್ಟೋಬರಿನಲ್ಲಿ ಈ ವಿಷಯ ಮತ್ತೆ ಎಲ್ಲರ ಬಾಯಿಗೆ ಬಂದಿತು. ಸನಾಯೆ ತಕಾಯಿಚಿಯವರು ತಮ್ಮ ಪಕ್ಷದ ನಾಯಕತ್ವಕ್ಕೆ ಆಯ್ಕೆಯಾದ ದಿನ, ದುಡಿಮೆಗೂ ಮನೆಯ ಬಾಳಿಗೂ ಸಮತೂಕವೆಂಬ ಮಾತನ್ನೇ ತಾವು ಬಿಡುವುದಾಗಿ ಹೇಳಿ, ದುಡಿಯುತ್ತೇನೆಂಬ ಒಂದೇ ಕ್ರಿಯಾಪದವನ್ನು ಐದು ಸಲ ಉಚ್ಚರಿಸಿದರು. ಅದೇ ತಿಂಗಳು ಅವರು ಜಪಾನಿನ ಮೊದಲ ಮಹಿಳಾ ಪ್ರಧಾನಮಂತ್ರಿಗಳಾದರು. ಕೆಲವರು ಆ ಮಾತನ್ನು ಹೊಗಳಿದರು. ನಾಯಕರು ಹೀಗಾಡಿದರೆ ಕೆಳಗಿನವರ ಗತಿಯೇನೆಂದು ಕರೋಶಿ ಮೊಕದ್ದಮೆಗಳ ವಕೀಲರು ಪ್ರತಿಭಟಿಸಿದರು. ಆ ವರ್ಷದ ಜನಪ್ರಿಯ ನುಡಿಯೆಂಬ ಬಹುಮಾನವೂ ಅದಕ್ಕೇ ಬಂದಿತು.

ಹಾಗಾದರೆ ಸಾಮಾನ್ಯ ನೌಕರನು ತನ್ನ ಹೊನ್ನೆಯನ್ನು ಎಲ್ಲಿ ಹೇಳಿಕೊಳ್ಳುತ್ತಾನೆ? ಪದ್ಯದಲ್ಲಿ! 'ಸೆನ್‌ರ್ಯು' ಎಂಬ ಪದ್ಯಜಾತಿಯೊಂದುಂಟು. 5, 7, 5 ಮಾತ್ರೆಗಳ ಮೂರೇ ತುಂಡು. ಹದಿನೆಂಟನೆಯ ಶತಮಾನದ ಕರಾಯಿ ಸೆನ್‌ರ್ಯು ಎಂಬಾತನಿಂದ ಬಂದ ಹೆಸರು. ಹೈಕುವಿನಲ್ಲಿ ಋತುಗಳ ಸೊಬಗಾದರೆ ಇದರಲ್ಲಿ ಮನುಷ್ಯರ ಓರೆಕೋರೆ. ಜೀವವಿಮೆಯ ಕಂಪನಿಯೊಂದು 1987ರಿಂದ ಸಂಬಳಗಾರರ ಸೆನ್‌ರ್ಯು ಸ್ಪರ್ಧೆಯನ್ನು ನಡೆಸಿತು. ಬರೆಯುವವರು ಸ್ವಂತ ಹೆಸರಿನ ಬದಲು ತಮಾಷೆಯ ಅಂಕಿತವಿಟ್ಟುಕೊಳ್ಳುತ್ತಾರೆ. ಅಧಿಕಾರಿಯ ದರ್ಪ, ಹೆಂಡತಿ ಕೊಡುವ ಕೈಖರ್ಚು, ಮನೆಯಲ್ಲಿ ನಾಯಿಗಿರುವ ಸ್ಥಾನವೂ ಯಜಮಾನನಿಗಿಲ್ಲದ್ದು, ಇವೆಲ್ಲ ಅಲ್ಲಿ ಬರುತ್ತವೆ. ಮೂರು ಸಾಲಿನಲ್ಲಿ ಲೋಕವನ್ನು ಕುಟುಕುವ ತ್ರಿಪದಿಯನ್ನು ಬಲ್ಲ ನಮಗೆ ಈ ರುಚಿ ಹೊಸದಲ್ಲ. ಹೆಂಗಸರಿಗೆ ಪತ್ರಿಕೆಗಳಿವೆ: ಅಸಾಹಿ ಪತ್ರಿಕೆಯಲ್ಲಿ 1951ರಿಂದ ಮಹಿಳೆಯರ ಪತ್ರಗಳಿಗೇ ಒಂದು ಅಂಕಣ, ಯೊಮಿಯುರಿಯಲ್ಲಿ ಬಾಳಿನ ತೊಡಕುಗಳಿಗೆ ಸಲಹೆ ಹೇಳುವ ಅಂಕಣ 1914ರಷ್ಟು ಹಿಂದಿನದು.

ರಾಜಕೀಯದಲ್ಲಿ ಈ ಸಂಕೋಚ ಇನ್ನೂ ದಟ್ಟ. ಊಟಕ್ಕೆ ಕುಳಿತಾಗ ರಾಜಕೀಯ, ಮತಧರ್ಮ, ಬೇಸ್‌ಬಾಲ್ ಈ ಮೂರನ್ನು ಎತ್ತಬಾರದೆಂದು ಅಲ್ಲಿ ಹೇಳುವುದುಂಟು. ಅಭ್ಯರ್ಥಿಗಳು ಮನೆಮನೆಗೆ ಬಂದು ಮತ ಕೇಳುವುದನ್ನು 1925ರಿಂದಲೇ ನಿಷೇಧಿಸಿದೆ. ಆದ್ದರಿಂದ ವ್ಯಾನುಗಳಲ್ಲಿ ಧ್ವನಿವರ್ಧಕ ಕಟ್ಟಿಕೊಂಡು ತಮ್ಮ ಹೆಸರನ್ನೇ ಕೂಗುತ್ತ ಬೀದಿ ಸುತ್ತುತ್ತಾರೆ. ಹೆಸರನ್ನೇ ಏಕೆ? ಅಲ್ಲಿ ಮತಪತ್ರದಲ್ಲಿ ಚಿಹ್ನೆಗಳಿಲ್ಲ. ಮತದಾರನು ಅಭ್ಯರ್ಥಿಯ ಹೆಸರನ್ನು ಕೈಯಾರೆ ಬರೆಯಬೇಕು. ಕಷ್ಟದ ಚಿತ್ರಾಕ್ಷರವುಳ್ಳ ಹೆಸರಿನವರು ಭಿತ್ತಿಪತ್ರಗಳಲ್ಲಿ ಸುಲಭಲಿಪಿಯಲ್ಲಿ ಹೆಸರು ಬರೆಸುತ್ತಾರೆ. ಚುನಾವಣೆಯಲ್ಲಿ ಕಾಗುಣಿತಕ್ಕೆ ಇಷ್ಟು ಬೆಲೆಯಿರುವ ದೇಶವನ್ನು ಭಾಷಾ ಉಪಾಧ್ಯಾಯನಾದವನು ಮೆಚ್ಚದಿರಲಾದೀತೆ? ಹೆಂಗಸರು ಮೊದಲು ಮತ ಹಾಕಿದ್ದು 1946ರ ಏಪ್ರಿಲಿನಲ್ಲಿ; ಆ ಸಲವೇ 39 ಮಹಿಳೆಯರು ಗೆದ್ದರು. 1958ರಲ್ಲಿ ನೂರಕ್ಕೆ 77ರಷ್ಟು ಜನ ಮತ ಹಾಕಿದ್ದರೆ, 2014ರಲ್ಲಿ 53ಕ್ಕಿಂತ ಕೆಳಕ್ಕಿಳಿಯಿತು. 1955ರಲ್ಲಿ ಹುಟ್ಟಿದ ಪಕ್ಷವೊಂದೇ ಹೆಚ್ಚುಕಡಮೆ ಎಲ್ಲ ಕಾಲವೂ ಆಳಿಕೊಂಡು ಬಂದಿರುವಾಗ ತನ್ನ ಒಂದು ಮತದಿಂದ ಏನಾದೀತು ಎಂಬುದು ಮನೆಯಲ್ಲಿ ಕುಳಿತವರ ಭಾವನೆ.

ಆದರೂ ಆ ಜನ ಒಮ್ಮೆ ಬೀದಿಗೆ ಬಂದದ್ದುಂಟು. 1960ರಲ್ಲಿ ಅಮೆರಿಕದೊಡನೆ ರಕ್ಷಣಾ ಒಪ್ಪಂದವನ್ನು ನವೀಕರಿಸಲು ಕಿಶಿಯವರ ಸರ್ಕಾರ ಹೊರಟಾಗ ವಿರೋಧ ಭುಗಿಲೆದ್ದಿತು. ಬೀದಿಯಲ್ಲಿ ಕೂಗುವವರನ್ನಲ್ಲ, ದನಿಯಿಲ್ಲದವರ ದನಿಯನ್ನು ತಾವು ಕೇಳುತ್ತೇವೆಂಬ ಅರ್ಥದ ಮಾತನ್ನು ಕಿಶಿಯವರು ಆಡಿದರು. ಚಿತ್ರಕಲೆಯ ಉಪಾಧ್ಯಾಯಿನಿ ತೊಮಿ ಕೊಬಾಯಾಶಿ ಆ ಮಾತನ್ನೇ ಹಿಡಿದುಕೊಂಡರು. ಇದು ದನಿಯಿಲ್ಲದವರ ದನಿ, ಯಾರು ಬೇಕಾದರೂ ಸೇರಬಹುದು ಎಂದು ಬಟ್ಟೆಯ ಮೇಲೆ ಬರೆದು ಜೂನ್ ತಿಂಗಳಲ್ಲಿ ಮೆರವಣಿಗೆಯ ಹಿಂದೆ ನಡೆಯತೊಡಗಿದರು. ಹೊರಟಾಗ ಬೆರಳೆಣಿಕೆಯ ಜನ. ಕಾಲುದಾರಿಯಲ್ಲಿ ನಿಂತು ನೋಡುತ್ತಿದ್ದ ಗೃಹಿಣಿಯರೂ ಗುಮಾಸ್ತರೂ ಇಳಿದು ಬಂದು ಸೇರಿ, ಮುಗಿಯುವ ಹೊತ್ತಿಗೆ ನೂರಾರು ಮಂದಿಯಾಗಿದ್ದರು. ಒಪ್ಪಂದ ನಿಲ್ಲಲಿಲ್ಲ; ಕಿಶಿಯವರು ರಾಜೀನಾಮೆ ಕೊಟ್ಟರು.

ನೆರೆಹೊರೆಯ ಬಾಳಿನ ಬಗ್ಗೆ ಹೇಳಲು ಬಹಳವಿದೆ. ರೇಡಿಯೋ ಇಟ್ಟುಕೊಂಡ ನಿಮಗೆ ಒಂದನ್ನಾದರೂ ಹೇಳಲೇಬೇಕು. ಅಲ್ಲಿನ ಬಾನುಲಿಯು 1928ರಲ್ಲಿ ತೊಡಗಿದ ರೇಡಿಯೋ ವ್ಯಾಯಾಮ, ಯುದ್ಧಾನಂತರ ಕೆಲವು ವರ್ಷ ನಿಂತು, 1951ರಲ್ಲಿ ಮರಳಿ ಬಂದು, ಇಂದಿಗೂ ಬೆಳಗಿನ ಆರೂವರೆಗೆ ಪ್ರಸಾರವಾಗುತ್ತದೆ. ಬೇಸಿಗೆ ರಜದಲ್ಲಿ ಮಕ್ಕಳು ಕೊರಳಿಗೆ ಚೀಟಿ ಕಟ್ಟಿಕೊಂಡು ಬಂದು, ಪಿಯಾನೋ ಸ್ವರಕ್ಕೆ ಕೈಕಾಲು ಆಡಿಸಿ, ದಿನಕ್ಕೊಂದು ಮುದ್ರೆ ಹಾಕಿಸಿಕೊಳ್ಳುತ್ತಾರೆ. ಈಚೆಗೆ ಆ ಮಕ್ಕಳೇ ಕಡಮೆಯಾಗಿದ್ದಾರೆ. 2024ರಲ್ಲಿ ಹುಟ್ಟಿದ ಜಪಾನೀ ಶಿಶುಗಳು 7 ಲಕ್ಷಕ್ಕಿಂತ ಕಡಮೆ. ಗಂಡಸು ದುಡಿಯಬೇಕು, ಹೆಂಗಸು ಮನೆ ನೋಡಬೇಕು ಎಂಬ ಅಭಿಪ್ರಾಯಕ್ಕೆ 1973ರಿಂದ ಬಾನುಲಿಯವರೇ ನಡೆಸಿದ ಸಮೀಕ್ಷೆಗಳಲ್ಲಿ ಬೆಂಬಲ ತಗ್ಗುತ್ತ ಬಂದಿದೆ. ಮನಸ್ಸು ಬದಲಾಗಿದೆ, ಕಛೇರಿಯ ಗಂಟೆಗಳು ಅಷ್ಟು ಬದಲಾಗಿಲ್ಲ. ಮದುವೆಯಾಗದಿರುವ ಹುಡುಗಿಯರನ್ನಷ್ಟೇ ದೂರುವವರು ಈ ಎರಡನೆಯದನ್ನೂ ನೋಡಬೇಕು.

ಕಡೆಗೆ ನನ್ನ ವೃತ್ತಿಬಾಂಧವರ ಸಂಗತಿ. 2018ರ ಒಂದು ಅಂತರರಾಷ್ಟ್ರೀಯ ಸಮೀಕ್ಷೆಯಲ್ಲಿ ಜಪಾನಿನ ಮಾಧ್ಯಮಿಕ ಶಾಲೆಯ ಉಪಾಧ್ಯಾಯರು ವಾರಕ್ಕೆ 56 ಗಂಟೆ ದುಡಿಯುತ್ತಿದ್ದರು. ಭಾಗವಹಿಸಿದ ದೇಶಗಳಲ್ಲೆಲ್ಲ ಅದೇ ಹೆಚ್ಚು. ಪಾಠದ ಮೇಲೆ ಆಟದ ತಂಡ, ತಂಡದ ಮೇಲೆ ಭಾನುವಾರದ ಪಂದ್ಯ, ಅದರ ಮೇಲೆ ವರದಿಗಳು. ಸರ್ಕಾರಿ ಶಾಲೆಯವರಿಗೆ ಹೆಚ್ಚುವರಿ ಗಂಟೆಗೆ ಸಂಬಳವಿಲ್ಲ. 1971ರ ಕಾನೂನಿನ ಪ್ರಕಾರ ಸಂಬಳದ ನೂರಕ್ಕೆ 4ರಷ್ಟು ಭತ್ಯ ಕೊಟ್ಟರೆ ತೀರಿತು. ಉಪಾಧ್ಯಾಯ ವೃತ್ತಿಗೆ ಬರುವ ಯುವಕರು ಕಡಮೆಯಾದಾಗ 2021ರ ಮಾರ್ಚಿಯಲ್ಲಿ ಶಿಕ್ಷಣ ಇಲಾಖೆಗೆ ಒಂದು ಉಪಾಯ ಹೊಳೆಯಿತು. ಅಂತರಜಾಲದಲ್ಲಿ 'ಗುರುಗಳ ಬ್ಯಾಟನ್' ಎಂಬ ಹೆಸರಿನಲ್ಲಿ ತಮ್ಮ ವೃತ್ತಿಯ ಸೊಗಸನ್ನು ಬರೆದು ಮುಂದಿನವರಿಗೆ ದಾಟಿಸಿರೆಂದು ಉಪಾಧ್ಯಾಯರನ್ನು ಕೇಳಿತು. ಇಲಾಖೆ ಬಯಸಿದ್ದು ತತೆಮಾಯೆ. ಬಂದದ್ದು ಹೊನ್ನೆಯ ಪ್ರವಾಹ. ರಾತ್ರಿಯವರೆಗಿನ ದುಡಿಮೆ, ಇಲ್ಲದ ರಜೆ, ಕೆಟ್ಟ ಆರೋಗ್ಯ, ಬಿಟ್ಟುಹೋದ ಗೆಳೆಯರು, ಎಲ್ಲವನ್ನೂ ಹೆಸರು ಮರೆಸಿಕೊಂಡ ಉಪಾಧ್ಯಾಯರು ಬರೆದು ಸುರಿದರು. ಪತ್ರಿಕೆಗಳು ಅದನ್ನು ಎತ್ತಿಕೊಂಡವು. 2025ರ ಜೂನಿನಲ್ಲಿ ಸಂಸತ್ತು ಹಳೆಯ ಕಾನೂನನ್ನು ತಿದ್ದಿ, ಆ 4ನ್ನು ವರ್ಷಕ್ಕೆ ಒಂದೊಂದರಂತೆ 10ಕ್ಕೆ ಏರಿಸುವುದೆಂದು ಗೊತ್ತುಮಾಡಿತು. ದುಡಿದ ಗಂಟೆಗೆ ತಕ್ಕ ಹಣ ಎಂಬ ಮಾತು ಮಾತ್ರ ಆ ತಿದ್ದುಪಡಿಯಲ್ಲೂ ಸೇರಲಿಲ್ಲ.